ಮೊದಲ ಕೊಡ

“ಕೈಗೆ ಕೊಡ್ತೀಯೇನ್ಲೇ, ಮಾದಿಗ ನನ್ಮಗನೆ? ನೆಲಕ್ಕೆ ಹಾಕು! ಸಾಮೇರು ಎತ್ಕಂತಾರೆ.”

ಪಟೇಲ ಚಿಕ್ಕಬಸಪ್ಪನ ಬಾಯಿ ಹೊತ್ತು ಮೂಡುವ ಮೊದಲೇ ಶುರುವಾಗುತ್ತಿತ್ತು. ಪೆದ್ದಣ್ಣ ಅಳತೆಯ ಸರಪಳಿಯನ್ನು ನೆಲಕ್ಕೆ ಹಾಕಿ ಹಿಂದೆ ಸರಿದ. ಕಾಲೇಜಿನ ಹುಡುಗ ಅದನ್ನು ಬೂಟುಗಾಲಿನಲ್ಲಿ ಹತ್ತಿರಕ್ಕೆ ಎಳೆದುಕೊಂಡು, ಕರವಸ್ತ್ರ ಸುತ್ತಿ ಎತ್ತಿಕೊಂಡ. ಇಡೀ ದಿನ ಕಳ್ಳಿ ಜಾಲಿಗಳ ನಡುವೆ ಆ ಸರಪಳಿ ಎಳೆಯುತ್ತಿದ್ದವನು ಪೆದ್ದಣ್ಣನೇ. ಆಗೆಲ್ಲ ಅದಕ್ಕೆ ಮೈಲಿಗೆ ಇರಲಿಲ್ಲ. ಕೈ ಬದಲಾಯಿಸುವಾಗ ಮಾತ್ರ ಎಲ್ಲಿಂದಲೋ ಬಂದು ಅಂಟಿಕೊಳ್ಳುತ್ತಿತ್ತು.

ಇನ್‌ಫ್ಲೂಯೆಂಜಾ ಬಂದುಹೋದ ಮರುವರ್ಷ ಅದು. ಬಿ.ಜಿ. ಕೆರೆಯಿಂದ ಕೊಂಡ್ಲಹಳ್ಳಿಗೆ ಹೋಗುವ ದಾರಿಯಲ್ಲಿ, ನಮ್ಮ ಹಟ್ಟಿಯ ಪಕ್ಕದ ಬೀಳಿನಲ್ಲಿ, ವಿಶ್ವವಿದ್ಯಾನಿಲಯದ ಇಂಜಿನಿಯರಿಂಗ್ ಕಾಲೇಜೊಂದು ಡೇರೆ ಹಾಕಿತ್ತು. ಹುಡುಗರು ನೆಲ ಅಳೆಯುವುದನ್ನೂ ಬಾವಿ ತೋಡುವುದನ್ನೂ ಕಲಿಯಬೇಕಂತೆ. ಕಲಿಯುವವರು ಅವರು, ತೋಡುವವರು ನಾವು. ಪಟೇಲ ಹಟ್ಟಿಯನ್ನೆಲ್ಲ ಬಿಟ್ಟಿಗೆ ಹಿಡಿದು ತಂದಿದ್ದ.

ಮೊದಲ ಸಂಜೆ ದೊಡ್ಡ ಮೇಷ್ಟ್ರು ನಾಗೇಂದ್ರಪ್ಪನವರು ಹುಡುಗರನ್ನು ಕೂರಿಸಿಕೊಂಡು ಭಾಷಣ ಮಾಡಿದರು. “ನಮ್ಮ ಕಾಲೇಜು ಇರುವುದೇ ಪ್ರಜೆಗಳಿಗಾಗಿ. ನೀರಿಲ್ಲದವರಿಗೆ ನೀರು ಕೊಡಬೇಕು, ದಾರಿಯಿಲ್ಲದವರಿಗೆ ದಾರಿ ಮಾಡಿಕೊಡಬೇಕು. ಇಲ್ಲಿ ನಾವೆಲ್ಲ ಒಂದೇ ಸಂಸಾರ.” ನಾವು ಜಾಲಿಮರದ ಆಚೆ ಕೂತು ಕೇಳಿದೆವು. ಆ ಮಾತು ನಮಗೂ ಸೇರಿದ್ದೆಂದು ನಂಬಿಬಿಟ್ಟೆವು. ಎಲ್ಲರಿಗಿಂತ ಹೆಚ್ಚು ನಂಬಿದವಳು ಪೆದ್ದಣ್ಣನ ಹೆಂಡತಿ ಯರ್ರಮ್ಮ.

ಅವಳಿಗೆ ಕಾರಣವಿತ್ತು. ಊರ ಬಾವಿಯ ಕಟ್ಟೆಯನ್ನು ನಾವು ಹತ್ತುವಂತಿರಲಿಲ್ಲ. ಕೆಳಗೆ ಕೊಡ ಇಟ್ಟು, ಯಾರಾದರೂ ಸೇದಿ ಸುರಿಯಲಿ ಎಂದು ಕಾಯಬೇಕಿತ್ತು. ಜ್ವರದ ಕಾಲದಲ್ಲಿ ಅವಳ ಮಗಳು ಕೆಂಚಕ್ಕ ನೀರು ನೀರು ಎಂದು ನರಳುತ್ತಿದ್ದಳು. ಪೆದ್ದಣ್ಣನೂ ಮಲಗಿಬಿಟ್ಟಿದ್ದರಿಂದ ಪಟೇಲನ ಹೊಲಕ್ಕೆ ಹೋಗಿರಲಿಲ್ಲ. ದುಡಿಯಲು ಬಾರದವರಿಗೆ ಯಾರೂ ನೀರು ಹಾಕಕೂಡದೆಂದು ಪಟೇಲ ಊರಿಗೆಲ್ಲ ಹೇಳಿಸಿದ್ದ. ಯರ್ರಮ್ಮ ಬಿಸಿಲು ನೆತ್ತಿಗೇರುವವರೆಗೂ ಕಟ್ಟೆಯ ಕೆಳಗೆ ನಿಂತು ಬೇಡಿದಳು. ಖಾಲಿ ಕೊಡ ಹೊತ್ತು ವಾಪಸ್ಸು ಬಂದಾಗ ಮಗಳ ತುಟಿಗೆ ನೊಣ ಮುತ್ತಿದ್ದವು.

ಹಾಗಾಗಿ ಈ ಬಾವಿಯ ಮಣ್ಣನ್ನು ಅವಳು ಹೊತ್ತ ಹಾಗೆ ಯಾರೂ ಹೊರಲಿಲ್ಲ. ಅಂಗೈಯ ಬೊಬ್ಬೆ ಒಡೆದರೂ ಅವಳಿಗೆ ನಗು.

“ಡೇರೆ ಕಿತ್ಕಂಡು ಹೋಗ್ತಾರೆ. ಬಾವೀನೂ ಹೊತ್ಕಂಡು ಹೋಗ್ತಾರಾ?” ಎನ್ನುತ್ತಿದ್ದಳು.

ಎರಡಾಳು ಆಳಕ್ಕೆ ನೀರು ಸಿಕ್ಕಿತು. ಹುಡುಗರು ಚಪ್ಪಾಳೆ ತಟ್ಟಿ, ಕೋಲು ಇಳಿಬಿಟ್ಟು ಅಳೆದು, ಊಟಕ್ಕೆಂದು ಡೇರೆಗೆ ಹೋದರು.

ನಮ್ಮ ಹಟ್ಟಿಯಲ್ಲಿ ಒಂದು ಪದ್ಧತಿ. ಹೊಸ ನೀರು ಕಂಡರೆ ಅಗೆದವನ ಮನೆಯ ಹೆಂಗಸು ಕೆಳಗಿಳಿದು ಮೊದಲ ಕೊಡ ತುಂಬಬೇಕು. ಆ ಕೊಡದಿಂದ ಹಟ್ಟಿಯ ಎಲ್ಲರೂ ಒಂದೊಂದು ಬೊಗಸೆ ಕುಡಿಯಬೇಕು. ಒಬ್ಬರು ಉಳಿದರೂ ಗಂಗಮ್ಮ ಮುನಿಸಿಕೊಳ್ಳುತ್ತಾಳೆ. ಅದಕ್ಕೇ ಎಲ್ಲರೂ ಕುಡಿಯುವವರೆಗೆ ಕೆಳಗಿನವಳು ಮೇಲೆ ಬಾರದೆ, ಯಾರು ಉಳಿದರೆಂದು ಕೇಳುತ್ತಲೇ ಇರಬೇಕು.

ಯರ್ರಮ್ಮ ಮೆಟ್ಟಿಲು ಕೊರೆದ ಗೋಡೆ ಹಿಡಿದು ಇಳಿದಳು. “ಅಮ್ಮಾ ಗಂಗಮ್ಮ ತಲ್ಲೀ” ಎಂದು ನೀರಿಗೆ ಹಣೆ ಮುಟ್ಟಿಸಿ, ಕೊಡ ತುಂಬಿ ಹಗ್ಗಕ್ಕೆ ಕಟ್ಟಿದಳು. ಕೊಡ ಮೇಲೆ ಬಂತು. ಮುದುಕರು ಮಕ್ಕಳೆಲ್ಲ ಬೊಗಸೆಯೊಡ್ಡಿದೆವು. ಯಾರೂ ಮೇಲಿನಿಂದ ಸುರಿಯದ ನೀರನ್ನು ನಾವು ಕುಡಿದದ್ದು ಅದೇ ಮೊದಲು.

“ಯಾರಿಗೆ ಬಾಕಿ ಐತೆ?” ಕೆಳಗಿನಿಂದ ಯರ್ರಮ್ಮ ಕೂಗಿದಳು.

ಅಷ್ಟರಲ್ಲಿ ಕೈ ತೊಳೆಯುವ ನೀರಿಗೆ ಬಂದ ಅಡುಗೆ ಭಟ್ಟ ನಮ್ಮನ್ನು ನೋಡಿ, ಹಾವು ತುಳಿದವನ ಹಾಗೆ ಚೀರಿದ. “ಕೆಡಿಸಿಬಿಟ್ಟರಲ್ರೋ, ಮುಂಡೇಮಕ್ಕಳು!”

ಪಟೇಲ ಓಡಿ ಬಂದ. ಪೆದ್ದಣ್ಣನ ಬೆನ್ನಿಗೆ ಚಾಟಿ ಬಿತ್ತು. ಬಾಕಿಯವರು ಕುಡಿಯುವ ಮೊದಲೇ ಯರ್ರಮ್ಮನನ್ನು ಮೇಲೆ ಹತ್ತಿಸಿದರು. ನಾಗೇಂದ್ರಪ್ಪನವರು ಡೇರೆಯಿಂದ ಹೊರಗೆ ಬಂದು ಕನ್ನಡಕ ಒರೆಸಿಕೊಂಡರು.

ಪೆದ್ದಣ್ಣ ಅವರ ಮುಂದೆ ದೂರದಲ್ಲೇ ಅಡ್ಡಬಿದ್ದ. “ಸಾಮಿ, ನೀರಿಲ್ಲದೋರಿಗೆ ನೀರು ಅಂದಿದ್ರಿ. ನಮ್ಗೆ ನೀರಿಲ್ಲ ಸಾಮಿ. ಈ ಬಾವಿ ಬಿಟ್ಟು ಹೋಗ್ರಿ.”

ಮೇಷ್ಟ್ರು ಅವನನ್ನು ನೋಡಲಿಲ್ಲ. “ನಮ್ಮ ಹುಡುಗರ ಅಭ್ಯಾಸ ಮುಗಿಯಿತು, ಪಟೇಲರೇ. ನಾಳೆ ಚಳ್ಳಕೆರೆ ಕಡೆ ಹೊರಡುತ್ತೇವೆ. ಉಳಿದದ್ದು ನಿಮ್ಮೂರಿನ ವಿಷಯ.”

“ಮುಚ್ಚಿಸ್ತೀನಿ ಬಿಡ್ರಿ,” ಪಟೇಲ ನಕ್ಕ. “ಈ ಬೋಳಿಮಕ್ಳಿಗೆ ಸ್ವಂತ ನೀರಾದ್ರೆ ನಮ್ ಹೊಲಕ್ಕೆ ಯಾವನ್ ಬರ್ತಾನೆ?”

ಮರುದಿನ ಬೆಳಿಗ್ಗೆ ಡೇರೆಗಳು ಗಾಡಿ ಏರುತ್ತಿದ್ದವು. ಪಟೇಲ ನಮ್ಮನ್ನು ಬಾವಿಯ ಸುತ್ತ ನಿಲ್ಲಿಸಿದ. ಹೊತ್ತು ಹಾಕಿದ್ದ ಮಣ್ಣೇ ಮತ್ತೆ ಬುಟ್ಟಿಗೆ ಬಂತು.

“ಅಗೆದ ಕೈಯಾಗೇ ಮುಚ್ರಲೇ! ಇಲ್ಲಾಂದ್ರೆ ಗುಡಿಸ್ಲಿಗೆ ಬೆಂಕಿ ಇಕ್ಸ್ತೀನಿ.”

ಯರ್ರಮ್ಮ ಕೊಡ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಬಾವಿಗೆ ಇಳಿದುಬಿಟ್ಟಳು.

“ಬಾರೇ ಮ್ಯಾಲೆ, ರಂಡೆ!”

“ಪದ್ಧತಿ ಮುಗಿದಿಲ್ಲ ಗೌಡ. ಇನ್ನೂ ಬಾಕಿ ಅವರೆ,” ಎಂದಳು ಒಳಗಿನಿಂದ. ಹಗ್ಗ ಅಲುಗಿತು.

ಬುಟ್ಟಿ ಪೆದ್ದಣ್ಣನ ಕೈಯಲ್ಲಿತ್ತು. ಅವನು ಅದನ್ನು ಕೆಳಗಿಟ್ಟು ಕೊಡ ಮೇಲೆಳೆದ. ಪಟೇಲನ ಮುಖ ನೋಡುತ್ತಲೇ ಬೊಗಸೆ ತುಂಬಿಕೊಂಡು ಕುಡಿದ. ಚಾಟಿ ಬಿತ್ತು. ಅವನ ಹಿಂದೆ ಮುದುಕ ಯತ್ತಪ್ಪ ಕುಡಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬುಟ್ಟಿ ಕೆಳಗಿಟ್ಟೆವು. ನಮಗೆ ಭಯವಾಗಿತ್ತು. ಅರ್ಧ ನೀರು ಎದೆಯ ಮೇಲೆ ಹರಿಯಿತು.

ಗಾಡಿಗಳು ಹೊರಟವು. ಹುಡುಗನೊಬ್ಬ ತಿರುಗಿ ನೋಡಿದ. ಮೇಷ್ಟ್ರು ಏನೋ ಅಂದರು, ಅವನು ಮುಂದಕ್ಕೆ ತಿರುಗಿ ಕೂತ.

“ನೀವೇ ತಳ್ರೋ,” ಪಟೇಲ ತನ್ನ ಆಳುಗಳಿಗೆ ಹೇಳಿದ. ಅವರು ಕಾಲಿನಿಂದ ಮಣ್ಣು ತಳ್ಳತೊಡಗಿದರು. ಬಾವಿಗಿಳಿಯುತ್ತೇನೆಂದು ಹೋದ ಪೆದ್ದಣ್ಣನನ್ನು ನಾಲ್ವರು ಕೆಡವಿ ಮೇಲೆ ಕೂತರು.

ಮುಂದಿನ ಕೊಡ ಮೇಲೆ ಬಂದಾಗ ನೀರು ಕೆಂಪಗಿತ್ತು. ಕುಡಿದೆವು. ಅದರ ಮುಂದಿನದರಲ್ಲಿ ಬರೀ ಕೆಸರು. ಅದನ್ನೂ ನಾಲಿಗೆಗೆ ಹಚ್ಚಿಕೊಂಡೆವು.

ಮಣ್ಣು ಬೀಳುತ್ತಲೇ ಇತ್ತು. ಕೆಳಗಿನಿಂದ ಯರ್ರಮ್ಮ ಇನ್ನೂ ಕೂಗುತ್ತಿದ್ದಳು:

“ಯಾರಿಗೆ ಬಾಕಿ ಐತೆ?”