ಎರಡು ಮಣ್ಣಿನ ನಡುವಿನ ಮರಿ

“ಇದು ಸತ್ತರೆ ನಿನಗೇ ಲಾಭ ಅಲ್ವೇನೇ?” ಎಂದರು ಚಿಕ್ಕಪ್ಪ, ಕೈಯಲ್ಲಿದ್ದ ಕ್ಯಾರೆಟ್ ಚೂರನ್ನು ಹೊರಳಿಸುತ್ತ.

ಅವಳು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ್ದಳು. “ಬಾಯಿಗೆ ಬಂದಿದ್ದು ಆಡಬೇಡಿ ಚಿಕ್ಕಪ್ಪ.”

“ನನ್ನ ಬಾಯಿಗೆ ಬಂದಿದ್ದಲ್ಲ, ನಿನ್ನ ಬಾಯಿಂದ ಬಂದಿದ್ದು. ನೀನೇ ಫೋನಲ್ಲಿ ಹೇಳ್ತಿದ್ದೆ, ಬೆರಕೆ ಮರಿ ಎಲ್ಲೂ ಬಾಳಲಿಲ್ಲ ಅಂದ್ರೆ ನನ್ನ ವಾದ ಗೆದ್ದ ಹಾಗೆ ಅಂತ.”

ಹೇಳಿದ್ದು ಹೌದು. ಅದಕ್ಕೇ ಅವಳಿಗೆ ಮೈ ಉರಿಯಿತು.

ಚಿಕ್ಕಪ್ಪನೆಂದರೆ ಕರೆಯುವುದಕ್ಕೊಬ್ಬ ಚಿಕ್ಕಪ್ಪನಲ್ಲ, ಅವಳ ಅಪ್ಪನ ಒಡಹುಟ್ಟಿದ ತಮ್ಮ. ಕಾಲೇಜಿನ ನೆಲಮಾಳಿಗೆಯ ಪ್ರಾಣಿಕೋಣೆಯನ್ನು ನೋಡಿಕೊಳ್ಳುವ ಕೆಲಸ ಅವರದು. ಅವಳು ಅಲ್ಲೇ ಪಾಠ ಹೇಳುವ, ಸಂಶೋಧನೆ ಮಾಡುವ ಮೇಡಂ. ನಾಲ್ಕು ಜನರ ಮುಂದೆ ಅವರೂ ಮೇಡಂ ಎನ್ನುತ್ತಾರೆ. ಬಾಗಿಲು ಹಾಕಿಕೊಂಡರೆ ಮತ್ತೆ ಹಳೇ ಪುಟ್ಟಿ.

ಅವಳ ವಾದವೇನೋ ಸರಳ. ಊರಾಚೆಯ ಕಣಿವೆಗೆ ಎರಡು ಇಳಿಜಾರು. ಒಂದಕ್ಕೆ ದಿನವಿಡೀ ಬಿಸಿಲು, ಮಣ್ಣು ಹಿಟ್ಟಿನ ಹಾಗೆ ಉದುರುತ್ತದೆ. ಎದುರಿನದು ನೆರಳಿನದು, ಮಣ್ಣು ಹಿಡಿದರೆ ಮುದ್ದೆಯಾಗುತ್ತದೆ. ಎರಡರಲ್ಲೂ ಬಿಲ ತೋಡಿಕೊಂಡು ಬದುಕುವ ಇಲಿಗಳಿವೆ. ಕಣ್ಣು ಚರ್ಮದಡಿ ಮುಚ್ಚಿಹೋದ ಜೀವಗಳು, ನೋಡಲು ಒಂದೇ ಅಚ್ಚಿನವು. ನಡುವೆ ಕಲ್ಲೆಸೆದರೆ ಬೀಳುವಷ್ಟು ದೂರ. ಆದರೂ ಇವು ಅತ್ತ ಹೋಗವು, ಅವು ಇತ್ತ ಬಾರವು. ಮನೆ ಭಾಗವಾದ ದಾಯಾದಿಗಳು ಮೊದಲು ಮಾತು ಬಿಟ್ಟು, ಆಮೇಲೆ ಕೊಡುಕೊಳ್ಳುವುದನ್ನೂ ಬಿಡುತ್ತಾರಲ್ಲ, ಹಾಗೆ ಬಿಸಿಲು ಮತ್ತು ತಂಪು ಸೇರಿಕೊಂಡು ಒಂದು ಜಾತಿಯನ್ನು ಎರಡಾಗಿ ಒಡೆಯುತ್ತಿವೆ ಎನ್ನುತ್ತಿದ್ದಳು ಅವಳು. ನಾಳೆ ಹಿರಿಯ ವಿಜ್ಞಾನಿಗಳ ಸಭೆಯಲ್ಲಿ ಅದನ್ನೇ ಎದ್ದು ನಿಂತು ಹೇಳಬೇಕು.

ಬಿಸಿಲಿನ ತಾಯಿ, ನೆರಳಿನ ತಂದೆ, ಅವಕ್ಕೆ ಹುಟ್ಟಿ ಉಳಿದದ್ದು ಈ ಮರಿಯೊಂದೇ. ತಾಯಿ ಹತ್ತಿರ ಸೇರಿಸಲಿಲ್ಲ, ಆಮೇಲೆ ಸತ್ತೂ ಹೋಯಿತು. ಚಿಕ್ಕಪ್ಪ ಇಂಕ್ ಫಿಲ್ಲರಿನಲ್ಲಿ ಹಾಲು ಕುಡಿಸಿ ಬದುಕಿಸಿದರು. ಈಗ ಅದರ ಪರೀಕ್ಷೆ: ಉದ್ದನೆಯ ಗಾಜಿನ ಪೆಟ್ಟಿಗೆ, ಒಂದು ತುದಿಯಲ್ಲಿ ದೀಪದಡಿ ಕಾದ ಒಣಮಣ್ಣು, ಇನ್ನೊಂದರಲ್ಲಿ ಮೆಷಿನ್ನು ತಂಪು ಮಾಡಿದ ಹಸಿಮಣ್ಣು, ನಡುವೆ ಒಂದು ಕೊಳವೆ. ಬೇರೆ ಇಲಿಗಳೆಲ್ಲ ಬಿಟ್ಟ ಕೂಡಲೇ ತಮ್ಮ ತಮ್ಮ ಮಣ್ಣಿಗೆ ನುಗ್ಗಿ, ಒಳಗಿನಿಂದ ಮಣ್ಣು ದಬ್ಬಿ ಬಾಗಿಲು ಹಾಕಿಕೊಂಡಿದ್ದವು. ಈ ಮರಿ ಮಾತ್ರ ನಿನ್ನೆಯಿಂದ ಕೊಳವೆಯೊಳಗೇ ಕೂತಿದೆ. ತಿನ್ನುವ ಗೆಡ್ಡೆಗಳೆಲ್ಲ ಇರುವುದು ಮಣ್ಣಿನೊಳಗೆ. ಒಂದು ಹೊತ್ತು ತಪ್ಪಿದರೂ ಸೊರಗುವ ಪ್ರಾಣಿ, ಪಕ್ಕೆ ಆಗಲೇ ಒಳಗೆ ಹೋಗಿತ್ತು.

“ಒಂದೇ ಒಂದು ಚೂರು ಹಾಕ್ಲಾ?”

“ಬೇಡ. ಕೈ ಹಾಕಿದ್ರೆ ಪರೀಕ್ಷೆ ಕೆಟ್ಟ ಹಾಗೆ. ಇನ್ನೊಂದು ಮರಿ ಎಲ್ಲಿಂದ ತರ್ಲಿ?”

“ಇನ್ನೊಂದು ತರೋಕೆ ಆಗಲ್ಲ ಅಂತ ತಾನೇ ನಾನೂ ಹೇಳ್ತಿರೋದು!”

ಅವಳು ಗಾಜಿಗೆ ಅಂಗೈ ಒತ್ತಿಕೊಂಡು ಮರಿಯ ಬೆನ್ನು ಏರಿಳಿಯುವುದನ್ನೇ ನೋಡುತ್ತಿದ್ದಳು. ಒಮ್ಮೆ ಏರಿತು. ಇಳಿಯುವುದು ತಡವಾದರೆ ಇವಳ ಉಸಿರೂ ನಿಲ್ಲುತ್ತಿತ್ತು.

ಮರಿ ತಲೆಯನ್ನು ಕೊಳವೆಯ ಮೇಲ್ಭಾಗಕ್ಕೆ ಒತ್ತಿಕೊಂಡಿತ್ತು. ತುಸು ಜಾರಿದರೂ ಮತ್ತೆ ಅದೇ ಜಾಗಕ್ಕೆ ಒತ್ತುತ್ತಿತ್ತು. ಅವಳು ಹೊರಗಿನಿಂದ ಅಲ್ಲಿ ಬೆರಳಿಟ್ಟಳು. ಟಕ್ ಟಕ್, ಟಕ್. ತಂಪಿನ ಮೆಷಿನ್ನಿನ ಅದುರು.

“ಚಿಕ್ಕಪ್ಪ, ಇದಕ್ಕೆ ಹಾಲು ಕುಡಿಸೋ ಮುಂಚೆ ಏನು ಮಾಡ್ತಿದ್ರಿ?”

“ಏನು ಮಾಡೋದು? ಬೆಚ್ಚಗೆ ಮಾಡ್ತಿದ್ದೆ.”

“ಆಮೇಲೆ?”

ಅವರಿಗೆ ನಾಚಿಕೆಯಾಯಿತು. “ಕಣ್ಣಿಲ್ಲದ್ದು ಪಾಪ, ಬಂದೆ ಅಂತ ಹೇಳಬೇಡ್ವಾ?” ಎನ್ನುತ್ತ ಉಗುರಿನಿಂದ ಮೇಜು ತಟ್ಟಿ ತೋರಿಸಿದರು. ಟಕ್ ಟಕ್, ಟಕ್.

ನೆಲದಡಿಯ ಈ ಇಲಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದೇ ಹಾಗೆ, ಬಿಲದ ಸೂರಿಗೆ ತಲೆ ಬಡಿದು. ಅದು ಅವಳಿಗೆ ಗೊತ್ತಿತ್ತು. ಚಿಕ್ಕಪ್ಪನೂ ಅದೇ ಭಾಷೆ ಆಡುತ್ತಾರೆಂದು ಗೊತ್ತಿರಲಿಲ್ಲ. ಹಾಗಾದರೆ ಮರಿ ಜಾಗ ಸಿಗದೆ ಕೂತದ್ದಲ್ಲ. ಮೆಷಿನ್ನಿನ ಅದುರನ್ನೇ ಚಿಕ್ಕಪ್ಪನ ಕರೆಯೆಂದುಕೊಂಡು ಅದು ಹಾಲಿಗೆ ಕಾಯುತ್ತಿದೆ.

ಅವಳ ಕೈ ಮೆಷಿನ್ನಿನ ಸ್ವಿಚ್ಚಿನವರೆಗೆ ಹೋಗಿ ನಿಂತಿತು. ಆರಿಸಿದರೆ ತಂಪಿನ ಮಣ್ಣು ಬಿಸಿಯಾಗುತ್ತದೆ, ಪರೀಕ್ಷೆ ಮಣ್ಣುಪಾಲು. ಸುಮ್ಮನಿದ್ದರೆ ಸಂಜೆಯೊಳಗೆ ಮರಿ ಸಾಯುತ್ತದೆ, ನಾಳೆ ಸಭೆಯೆಲ್ಲ ಹೌದೆಂದು ತಲೆದೂಗುತ್ತದೆ. ಎಷ್ಟು ವರ್ಷದ ದುಡಿಮೆ!

“ನಿನ್ನಿಷ್ಟ ಕಣಮ್ಮ,” ಎಂದರು ಚಿಕ್ಕಪ್ಪ ಮೆಲ್ಲಗೆ. “ನಾನಂತೂ ಯಾರ ಹತ್ತಿರಾನೂ ಬಾಯಿ ಬಿಡಲ್ಲ.”

“ನೀವು ಬಿಡಲ್ಲ ಅನ್ನೋದೇ ನನಗೆ ಭಯ.”

ಸ್ವಿಚ್ಚು ಆರಿಸಿದಳು. ಕೋಣೆ ಒಮ್ಮೆಲೇ ಎಷ್ಟು ನಿಶ್ಶಬ್ದವಾಯಿತೆಂದರೆ ದೀಪದ ಗುಂಯ್‌ಗುಡುವಿಕೆ ಕೇಳಿಸಿತು. ಮರಿ ಅಲುಗಲಿಲ್ಲ. ಚಿಕ್ಕಪ್ಪ ಸ್ಟೂಲಿನ ಮೇಲೆ ಕುಸಿದು ಕೂತರು. ತಡವಾಯಿತೇನೋ ಎಂದು ಇಬ್ಬರಿಗೂ ಅನ್ನಿಸಿತು.

“ನಾಳೆ ಏನು ಹೇಳ್ತೀಯಾ?”

“ಇನ್ನೂ ಗೊತ್ತಿಲ್ಲ ಅಂತೀನಿ.”

“ಗೊತ್ತಿಲ್ಲ ಅನ್ನೋಕೂ ಸಂಬಳ ಕೊಡ್ತಾರಾ?”

“ಇಷ್ಟು ದಿನ ಅದಕ್ಕೇ ಕೊಟ್ಟಿದ್ದು, ಸುಮ್ನಿರಿ.”

ಮರಿ ತಲೆ ಇಳಿಸಿತು. ಗಾಳಿಯನ್ನು ಮೂಸಿತು, ಹಿಂದೆ ಸರಿಯಿತು, ಮತ್ತೆ ಮುಂದೆ ಬಂದು ನಿಂತಿತು. ಆಮೇಲೆ ತೆವಳುತ್ತ ಒಣಮಣ್ಣಿನ ಕಡೆಗೆ ಇಳಿದು ಕಾಣೆಯಾಯಿತು. ಅವರು ನೋಡುತ್ತಿದ್ದಂತೆಯೇ ಒಳಗಿನಿಂದ ಒಂದಿಷ್ಟು ಮಣ್ಣು ದಬ್ಬಿಕೊಂಡು ಬಂದು ಕೊಳವೆಯ ಬಾಯನ್ನು ಮುಚ್ಚಿತು.