ಉಪ್ಪು ಹಾಕಿದೆನೋ ಇಲ್ಲವೋ

ಒಳ್ಳೆಯದನ್ನು ತಿನ್ನುವುದೂ ಒಂದು ಕಾಯಿಲೆಯೇ ಎಂದು ನಕ್ಕವರು ನಮ್ಮ ಬಳಗದಲ್ಲಿ ಬೇಕಾದಷ್ಟಿದ್ದಾರೆ. ನಗುವವರು ನಕ್ಕು ಮುಗಿಸಲಿ, ನನಗೇನೂ ಅವಸರವಿಲ್ಲ. ಆ ಕಾಯಿಲೆ ಬಂದದ್ದು ನನಗೆ, ಅದರ ಜೊತೆ ಹಗ್ಗಜಗ್ಗಾಟ ಆಡಿದವಳೂ ನಾನೇ. ಹೇಳುವ ಹಕ್ಕೂ ನನ್ನದೇ.

ಬಸ್ಸು ರಿಪೇರಿ ಮಾಡುವ ಕಾರ್ಖಾನೆಯೊಳಗಿನ ಕ್ಯಾಂಟೀನು ನಮ್ಮದು. ಅಣ್ಣ ಕೌಂಟರಿನಲ್ಲಿ, ನಾನು ಒಲೆಯ ಮುಂದೆ. ಒಲೆ ನನಗೆ ಅಮ್ಮನಿಂದ ಬಂದದ್ದು. ಅಮ್ಮ ಅಳತೆ ಹಿಡಿದು ಅಡುಗೆ ಮಾಡಿದ್ದನ್ನು ನಾನು ಕಂಡಿಲ್ಲ. ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದಳು, ಕಣ್ಣು ಅರ್ಧ ಮುಚ್ಚುತ್ತಿದ್ದಳು, ಆಮೇಲೆ ಬೇಕಾದ್ದನ್ನು ಹಾಕುತ್ತಿದ್ದಳು. ನನ್ನ ಕೈಯೂ ಹಾಗೇ ಪಳಗಿತು. ಮಧ್ಯಾಹ್ನದ ಗಂಟೆ ಹೊಡೆದು, ಗ್ರೀಸು ಮೆತ್ತಿದ ಕೈ ತೊಳೆದುಕೊಂಡು ಬಂದ ಜನ ಬೆಂಚಿನ ಮೇಲೆ ಕೂತು ಮಾತಿಲ್ಲದೆ ಉಣ್ಣುತ್ತಿದ್ದರೆ ನನಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

ಅಪ್ಪ ಎದೆನೋವಿನಿಂದ ತೀರಿಕೊಂಡ ವರ್ಷ ನಾನು ಎಣ್ಣೆ ಬಿಟ್ಟೆ. ಅದರಲ್ಲಿ ತಪ್ಪೇನಿಲ್ಲ. ಆಮೇಲೆ ಸಕ್ಕರೆ ಬಿಟ್ಟೆ, ಮೈದಾ ಬಿಟ್ಟೆ, ಪೊಟ್ಟಣದಲ್ಲಿ ಬರುವುದನ್ನೆಲ್ಲ ಬಿಟ್ಟೆ. ಆಮೇಲೆ ನಾನೇ ಕಣ್ಣಾರೆ ತೊಳೆಯದೆ ಇದ್ದದ್ದನ್ನು ಬಿಟ್ಟೆ. ಒಂದೊಂದು ಬಿಟ್ಟಾಗಲೂ ಒಂದೊಂದು ಶಹಭಾಸ್ ಸಿಕ್ಕಿತು. ಅತ್ತಿಗೆ ನನ್ನ ಸೊಂಟ ನೋಡಿ ಗುಟ್ಟು ಕೇಳಿದಳು. ಕಾರ್ಖಾನೆಯ ಮ್ಯಾನೇಜರು ತಮ್ಮ ಹೊಟ್ಟೆ ಸವರಿಕೊಂಡು, ಮನಸ್ಸು ಗಟ್ಟಿ ಇದ್ದರೆ ಹೀಗಿರಬೇಕು ಎಂದು ಎಲ್ಲರ ಮುಂದೆ ನನ್ನನ್ನು ತೋರಿಸಿದರು. ನಾನೂ ಉಬ್ಬಿಹೋದೆ. ಹೊಗಳಿದರೆ ಉಬ್ಬದವರು ಯಾರಿದ್ದಾರೆ?

ಅವರು ಯಾರೂ ನೋಡದಿದ್ದದ್ದು ನಮ್ಮ ಮನೆಯ ಸಿಂಕು. ಕ್ಯಾರೆಟ್ಟು ತೊಳೆಯುವಾಗ ಯಾರಾದರೂ ಕರೆದರೆ ಮೊದಲಿನಿಂದ ತೊಳೆಯಬೇಕು. ನುಂಗುವ ಹೊತ್ತಿಗೆ ಸರಿಯಾಗಿ 'ಇದರಲ್ಲಿ ಏನೋ ಇದೆ' ಎಂಬ ಯೋಚನೆ ಬಂದರೆ ತುತ್ತನ್ನು ಉಗುಳಿ, ಬಾಯಿ ಮುಕ್ಕಳಿಸಿ, ಹೊಸ ತಟ್ಟೆ ತೆಗೆದುಕೊಳ್ಳಬೇಕು. ಒಂದು ತಟ್ಟೆ ತರಕಾರಿ ಮುಗಿಸುವುದರೊಳಗೆ ಬೆಳಗಿನ ಬಸ್ಸು ತಪ್ಪುತ್ತಿತ್ತು. ಅದನ್ನು ಆರೋಗ್ಯ ಅನ್ನುತ್ತಿದ್ದೆ. ಅದು ಬರೀ ಭಯ, ಇನ್ನೇನೂ ಅಲ್ಲ.

ಇಷ್ಟಾದ ಮೇಲೆ ಕ್ಯಾಂಟೀನಿನ ಹಂಡೆಯ ತೊಟ್ಟು ನನ್ನ ನಾಲಿಗೆಗೆ ತಾಗುವುದುಂಟೆ? ಅದರಲ್ಲಿ ಅಂಗಡಿಯ ಎಣ್ಣೆ, ಅಂಗಡಿಯ ಪುಡಿ. ಹಾಗಾಗಿ ತಕ್ಕಡಿ ತಂದೆ. ಉಪ್ಪು, ಖಾರ, ಎಲ್ಲವನ್ನೂ ತೂಗಿ ಹಾಕತೊಡಗಿದೆ. ಕಾರ್ಮಿಕರು ನನಗೆ 'ತಕ್ಕಡಿ ಅಕ್ಕ' ಎಂದು ಹೆಸರಿಟ್ಟರು. ಅಣ್ಣ ಅದನ್ನೂ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ.

ಆದರೆ ತಕ್ಕಡಿ ಎಷ್ಟು ಅನ್ನುವುದನ್ನು ಹೇಳುತ್ತದೆ, ಹಾಕಿದೆಯೋ ಇಲ್ಲವೋ ಅನ್ನುವುದನ್ನು ಹೇಳುವುದಿಲ್ಲ.

ಒಂದು ದಿನ ಕಾಳಿನ ಸೂಪು ಕುದಿಯುತ್ತಿತ್ತು. ಉಪ್ಪು ತೂಗಿದೆ, ಹಾಕಿದೆ. ಬೆನ್ನು ತಿರುಗಿಸಿದ ಕೂಡಲೇ ಹಾಕಿದೆನಾ ಎಂಬ ಅನುಮಾನ ಬಂತು. ಮನೆಗೆ ಬೀಗ ಹಾಕಿ ಹೋದವರು ಅರ್ಧ ದಾರಿಯಿಂದ ಹಿಂದಕ್ಕೆ ಬರುತ್ತಾರಲ್ಲ, ಆ ಅನುಮಾನ. ಒಂದು ತೊಟ್ಟು ನೆಕ್ಕಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಗೊತ್ತಾಗುತ್ತಿತ್ತು. ಅಂಗೈ ಮುಂದೆ ಚಾಚಿದೆ, ಎಳೆದುಕೊಂಡೆ. ಇನ್ನೊಮ್ಮೆ ತೂಗಿ ಹಾಕಿದೆ. ಹಾಕಿದ ಮೇಲೆ ಮತ್ತೆ ಅದೇ ಅನುಮಾನ, ಮತ್ತೆ ಅದೇ ಕೆಲಸ. ಗಂಟೆ ಹೊಡೆದಾಗ ಹಂಡೆಯೊಳಗೆ ಸಮುದ್ರವೇ ಇತ್ತು.

ಮೊದಲ ಸಾಲಿನಲ್ಲಿ ಕೂತಿದ್ದ ವೆಲ್ಡರ್ ಒಂದು ಗುಟುಕು ಕುಡಿದು ಕೆಮ್ಮಿದ. ಜನ ಮೊದಲು ನಕ್ಕರು. ನಗು ನಿಂತ ಮೇಲೆ ಬಟ್ಟಲುಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು. ಅಷ್ಟೂ ಮಂದಿ ಒಣ ಬ್ರೆಡ್ಡು ತಿಂದು ಕೆಲಸಕ್ಕೆ ವಾಪಸು ಹೋದರು. ನಾನು ಒಲೆಯ ಹಿಂದೆ ನಿಂತು ನಾಚಿಕೆಯಿಂದ ಸತ್ತೆ.

ಇನ್ನೊಂದು ಸಲ ಹೀಗಾದರೆ ಬೇರೆ ಅಡುಗೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮ್ಯಾನೇಜರು ಅಣ್ಣನಿಗೆ ಹೇಳಿದರು. ಅಣ್ಣ ಸೌಟನ್ನು ನನ್ನ ಕೈಯಿಂದ ತೆಗೆದು ಅತ್ತಿಗೆಗೆ ಕೊಟ್ಟ, ನನ್ನನ್ನು ಕೌಂಟರಿನಲ್ಲಿ ಕೂರಿಸಿದ. ಹೊಟ್ಟೆಯ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದ. ಅವರು ನನ್ನ ಮಾತು ಕೇಳಿ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು.

ಆ ಡಾಕ್ಟರು ಏನು ತಿನ್ನುತ್ತೀರಿ ಎಂದು ಕೇಳಲಿಲ್ಲ. ಮತ್ತೆ ತೊಳೆಯದೆ ತಿಂದರೆ ಏನಾಗುತ್ತದೆ ಎಂದು ಕೇಳಿದರು. ಏನೋ ಆಗುತ್ತದೆ ಎಂದೆ. ನೋಡಿಕೊಂಡು ತಿನ್ನುವವರೆಲ್ಲ ರೋಗಿಗಳಲ್ಲ ಎಂದು ಅವರು ಬಿಡಿಸಿ ಹೇಳಿದರು. ಬೇಡದ ಯೋಚನೆ ಬರುತ್ತದೆ, ಭಯ ಹುಟ್ಟುತ್ತದೆ, ಭಯ ತಣಿಸಲು ಒಂದು ಕೆಲಸ ಮಾಡುತ್ತೇವೆ, ಆ ಕೆಲಸವೇ ಯೋಚನೆಯನ್ನು ಕೊಬ್ಬಿಸುತ್ತದೆ. ಕೈ ತೊಳೆದೇ ತೊಳೆಯುವವರ, ಬೀಗ ಎಳೆದೇ ಎಳೆಯುವವರ ಗೀಳೂ ಇದೇ. ನನ್ನದು ಬಂದು ಊಟದ ತಟ್ಟೆಯಲ್ಲಿ ಕೂತಿದೆ, ಅಷ್ಟೇ. ಮಾತ್ರೆ ಬರೆದುಕೊಟ್ಟರು. ರುಚಿ ನೋಡುವುದನ್ನು ಒಂದೊಂದೇ ತೊಟ್ಟಿನಿಂದ ಮತ್ತೆ ಶುರುಮಾಡಬೇಕು, ಉಗುಳಬಾರದು, ಬಾಯಿ ಮುಕ್ಕಳಿಸಬಾರದು ಎಂದರು. ಭಯ ಹೋದ ಮೇಲೆ ಶುರುಮಾಡುತ್ತೇನೆ ಎಂದೆ.

"ಅದು ಹೋಗಲಿ ಅಂತ ಕಾಯ್ತಾ ಕೂತ್ರೆ ಹೋಗೋದೇ ಇಲ್ಲ" ಎಂದರು ಡಾಕ್ಟರು. "ಭಯ ಪಕ್ಕದಲ್ಲಿ ನಿಂತಿರುವಾಗಲೇ ನೆಕ್ಕಬೇಕು."

ಮನೆಯಲ್ಲಿ ಅತ್ತಿಗೆ ಮೂಗು ಮುರಿದಳು. ತರಕಾರಿ ತಿಂದವಳಿಗೆ ಹುಚ್ಚು ಹಿಡಿದರೆ ಕರಿದದ್ದು ತಿನ್ನುವ ತನಗೇನು ಗತಿ ಎಂದಳು. ಯಾರಾದರೂ ಕೇಳಿದರೆ ಗ್ಯಾಸ್ಟ್ರಿಕ್ ಅನ್ನು ಎಂದು ಅಣ್ಣ ಹೇಳಿಕೊಟ್ಟ. ನಾನು ಅನ್ನಲಿಲ್ಲ. ಕೌಂಟರಿಗೆ ಬಂದು ಕೇಳಿದವರಿಗೆಲ್ಲ, ತಲೆಗೆ ಸಂಬಂಧಪಟ್ಟದ್ದು, ಔಷಧಿ ನಡೀತಿದೆ, ಚಿಲ್ಲರೆ ತಗೊಳ್ಳಿ ಎಂದೆ. ಅಣ್ಣನ ಮುಖ ಹುಳ್ಳಗಾಯಿತು. ಆಗಲಿ.

ತಿಂಗಳುಗಟ್ಟಲೆ ಮನೆಯ ಪಾತ್ರೆಗಳ ಜೊತೆ ಹೋರಾಡಿದೆ. ಮೊದಮೊದಲು ಒಂದು ತೊಟ್ಟಿಗೇ ಮೈ ಬೆವರುತ್ತಿತ್ತು. ಎಷ್ಟೋ ಸಲ ಸೋತು ನಲ್ಲಿಯ ಕಡೆಗೆ ಓಡಿದೆ. ಸೋತ ಸಿಟ್ಟಿಗೇ ಮಾರನೆಯ ದಿನ ಮತ್ತೆ ನೆಕ್ಕಿದೆ. ಕೊನೆಗೊಂದು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಕ್ಯಾಂಟೀನಿನ ಒಲೆ ಹಚ್ಚಿ ಕಾಳಿನ ಸೂಪಿಗೆ ಹಂಡೆ ಏರಿಸಿದೆ. ಅಣ್ಣ ಬಾಗಿಲಲ್ಲೇ ನಿಂತುಬಿಟ್ಟ.

"ಪೂರ್ತಿ ವಾಸಿ ಆಗಲಿ, ಆಮೇಲೆ ಬಾ" ಎಂದ.

"ಒಲೆ ಬಿಟ್ಟು ನಾನು ವಾಸಿ ಆಗಲ್ಲ ಅಣ್ಣಾ. ಅಮ್ಮ ನನಗೆ ಕೊಟ್ಟದ್ದನ್ನ ಆ ಗೀಳಿಗೂ ಬಿಟ್ಟುಕೊಡಲ್ಲ, ನಿನಗೂ ಬಿಟ್ಟುಕೊಡಲ್ಲ. ಕೆಟ್ಟರೆ ಮ್ಯಾನೇಜರ ಹತ್ತಿರ ನಾನೇ ಹೋಗಿ ಹೇಳ್ತೀನಿ."

ಅವನು ಈರುಳ್ಳಿ ಮೂಟೆಯ ಮೇಲೆ ಕೂತ. ಕಾಳು ಬೆಂದು ಮುಗಿಯುವಾಗ ಮಧ್ಯಾಹ್ನದ ಗಂಟೆಗೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ಅವನ ಎದುರಿಗೇ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದೆ. ಅಂಗಡಿಯ ಎಣ್ಣೆ, ಅಂಗಡಿಯ ಪುಡಿ, ಯಾರ್ಯಾರದೋ ಕೈ, ಎಲ್ಲವೂ ತಲೆಯಲ್ಲಿ ಒಟ್ಟಿಗೆ ಕಿರುಚಿಕೊಂಡವು. ನುಂಗಿದೆ. ಉಪ್ಪು ಸಾಲದು ಎಂದು ನಾಲಿಗೆ ಹೇಳಿತು. ಕೈಯಿಂದಲೇ ಒಂದು ಹಿಡಿ ಹಾಕಿ ತಿರುವಿದೆ.

ಆಗ ಗೀಳು ವೇಷ ಬದಲಿಸಿತು. ಇನ್ನೊಂದು ಸಲ ರುಚಿ ನೋಡು, ಸರಿಯಾಯಿತೋ ಏನೋ, ಒಂದೇ ಒಂದು ಸಲ ಎಂದು ಸಕ್ಕರೆಯಂಥ ಮಾತಾಡಿತು. ಬೇರೆ ಅಡುಗೆಯವರಾಗಿದ್ದರೆ ನೋಡುತ್ತಿದ್ದರು, ಅದರಲ್ಲಿ ಏನೂ ಇಲ್ಲ. ನನಗೆ ಗೊತ್ತಿತ್ತು, ಇನ್ನೊಂದು ಸಲ ನೆಕ್ಕಿದರೆ ಸಂಜೆಯವರೆಗೂ ನೆಕ್ಕುತ್ತಲೇ ನಿಂತಿರುತ್ತೇನೆ. ಗಂಟೆ ಹೊಡೆಯಿತು. ಸರಿಯಾಗಿದೆಯೋ ಇಲ್ಲವೋ ಗೊತ್ತಿಲ್ಲದೆಯೇ ಹಂಡೆಯ ಒಂದು ಕಿವಿ ಹಿಡಿದೆ. ಇನ್ನೊಂದನ್ನು ಹಿಡಿಯಲು ಅಣ್ಣನನ್ನು ಕರೆದೆ. ಇಬ್ಬರೂ ಹೊತ್ತುಕೊಂಡು ಹೊರಗೆ ಬಂದೆವು.

ಎಲ್ಲರಿಗೂ ಬಡಿಸಿ, ನನಗೂ ಒಂದು ಬಟ್ಟಲು ಬಡಿಸಿಕೊಂಡು ವೆಲ್ಡರನ ಎದುರು ಬೆಂಚಿನ ಮೇಲೆ ಕೂತೆ. ಅವನು ಅಳುಕುತ್ತ ಒಂದು ಗುಟುಕು ಕುಡಿದ. ಸುತ್ತಲಿನವರು ಅವನ ಮುಖವನ್ನೇ ನೋಡುತ್ತಿದ್ದರು.

"ಉಪ್ಪು ಒಂಚೂರು ಕಮ್ಮಿ ಇದೆ ಅಕ್ಕಾ" ಎಂದ.

ನಾನೂ ಕುಡಿದು ನೋಡಿದೆ. ಹೌದು, ಕಮ್ಮಿ ಇತ್ತು. ಅವನ ಕಡೆಗೆ ಉಪ್ಪಿನ ಡಬ್ಬಿ ತಳ್ಳಿದೆ. ನಾನು ಹಾಕಿಕೊಳ್ಳಲಿಲ್ಲ. ಹಾಗೇ, ಕಮ್ಮಿ ಉಪ್ಪಿನದನ್ನೇ, ಬಟ್ಟಲು ಖಾಲಿಯಾಗುವವರೆಗೂ ಕುಡಿದೆ.