ಹೊಂಬಾಳಮ್ಮ ಕೇಳಿದ ಒಂದು ಸುತ್ತು

ಅರ್ಧ ಅಂಗಳ ಗುಡಿಸಿ ಆಗಿತ್ತು. ಅಷ್ಟರಲ್ಲಿ ಹೊನ್ನಯ್ಯ ಬಂದು ಅಮೃತಳ ಕೈಯಿಂದ ಪೊರಕೆ ಕಿತ್ತುಕೊಂಡ.

"ಎಣ ಇನ್ನೂ ಒಳಗದೆ, ಪೊರ್ಕೆ ಇಡ್ಕೊಂಡಿದ್ದೀಯಲ್ಲಮ್ಮಿ! ಎತ್ತಿದ್ ಮ್ಯಾಲೆ ಗುಡ್ಸಾದು. ನಿಮ್ಮನೇಲಿ ಯಾರೂ ಯೋಳ್ಕೊಟ್ಟಿಲ್ವಾ?"

ತೀರಿಕೊಂಡು ಒಳಗೆ ಮಲಗಿದ್ದ ಹೊಂಬಾಳಮ್ಮನ ಮೈದುನ ಅವನು. ಅಮೃತಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಚಟ್ಟ ಹೊರುವವರ ಕಾಲಿಗೆ ಕಲ್ಲು ಸಿಗಬಾರದೆಂದು ಗುಡಿಸಿದ್ದಳು, ಅಷ್ಟೆ. ಸ್ಕೇಟ್‌ಬೋರ್ಡ್ ಆಡುವವರಿಗೆ ಅದೊಂದು ಚಾಳಿ, ಎಲ್ಲಿಗೆ ಹೋದರೂ ಮೊದಲು ಕಣ್ಣು ನೆಲಕ್ಕೇ ಹೋಗುತ್ತದೆ. ಕಡಲೆಕಾಳಿನಷ್ಟು ಕಲ್ಲು ಗಾಲಿಗೆ ಸಿಕ್ಕರೆ ಬೋರ್ಡು ಅಲ್ಲೇ ನಿಲ್ಲುತ್ತದೆ, ಮೇಲಿದ್ದವರು ಮಾತ್ರ ಮುಂದೆ ಹೋಗುತ್ತಾರೆ. ಇದನ್ನೆಲ್ಲ ಹೊನ್ನಯ್ಯನಿಗೆ ವಿವರಿಸುವ ಹೊತ್ತು ಅದಾಗಿರಲಿಲ್ಲ.

ಬೇಲಿಯ ಪಕ್ಕ ಅವಳ ಗೆಳೆಯ ಪುನೀತ್ ನಿಂತಿದ್ದ. ಇಬ್ಬರ ಬೋರ್ಡೂ ಅವನ ಕಂಕುಳಲ್ಲಿದ್ದವು.

"ಶಿವರಾಜಣ್ಣನ್ನ ಕೇಳ್ದ್ಯಾ?" ಎಂದ, ಹೊಂಬಾಳಮ್ಮನ ಮಗನನ್ನು ಕುರಿತು.

"ಎಂಗ್ ಕೇಳ್ಲಿ? ಪೊರಕೆ ಹಿಡಿದಿದ್ದಕ್ಕೇ ಹಿಂಗೆ ಬೈದ್ರು. ಅಜ್ಜೀನ ಬೋರ್ಡ್ ಮೇಲೆ ಇಳಿಸಿ ಅಂದ್ರೆ ನನ್ನನ್ನೇ ಹೂತಾಕ್ತಾರೆ."

"ಇವತ್ತು ಕೇಳ್ದೆ ಇದ್ರೆ ಇನ್ಯಾವತ್ತು ಕೇಳ್ತೀಯ?"

ಒಳಗೆ ಹೆಂಗಸರ ಅಳು ಜೋರಾಯಿತು. ಚಟ್ಟ ಎತ್ತಿದರು.

*

ಕೊಪ್ಪ ರಸ್ತೆಯ ರೈಸ್‌ಮಿಲ್ಲು ಮುಚ್ಚಿ ಆರು ವರ್ಷವಾಗಿತ್ತು. ಭತ್ತ ಒಣಗಿಸಲು ಹಾಕಿಸಿದ್ದ ಸಿಮೆಂಟಿನ ಕಣ ಮಾತ್ರ ನುಣ್ಣಗೆ ಹಾಗೇ ಉಳಿದಿತ್ತು. ಇಡೀ ಮದ್ದೂರಿನಲ್ಲಿ ಗಾಲಿಗೆ ಒಪ್ಪುವ ನೆಲ ಅದೊಂದೇ. ಅಮೃತ, ಪುನೀತ್ ಸವೆದ ಬೂಟಿಗೆ ಪಂಕ್ಚರ್ ಅಂಗಡಿಯ ರಬ್ಬರ್ ಅಂಟಿಸಿಕೊಂಡು ಬೆಳಗಿನ ಆರಕ್ಕೆಲ್ಲ ಗೇಟು ಹಾರಿ ಬರುತ್ತಿದ್ದರು. ಆಮೇಲೆ ಅಲ್ಲಿಂದಲೇ ಮಂಡ್ಯದ ಕಾಲೇಜಿಗೆ ಬಸ್ಸು.

ಮಿಲ್ಲಿನ ಕಾವಲಿಗೆ ಉಳಿದಿದ್ದ ಹೊಂಬಾಳಮ್ಮ ಮೊದಲ ದಿನ ಪೊರಕೆ ಎತ್ತಿಕೊಂಡು ಓಡಿಸಲು ಬಂದಳು. ಅಷ್ಟರಲ್ಲಿ ಅಮೃತ ಬಿದ್ದು ಮಂಡಿ ತರಚಿಕೊಂಡಿದ್ದಳು. ಕಲ್ಲು ಸಿಕ್ಕಿತು ಎಂದಳು.

"ನನ್ ಕಣದಲ್ಲಿ ಕಲ್ಲಾ?"

ಮುದುಕಿಗೆ ಅದು ದೊಡ್ಡ ಅವಮಾನ. ಮೂವತ್ತು ವರ್ಷ ಆ ಕಣ ಗುಡಿಸಿದವಳು ಅವಳು. ಅವಳ ಭತ್ತದಲ್ಲಿ ಕಲ್ಲಿದೆ ಎಂದು ಯಾರೂ ಬೆರಳು ತೋರಿಸಿರಲಿಲ್ಲ. ಮರುದಿನ ಇವರು ಬರುವ ಹೊತ್ತಿಗೆ ಕಣವೆಲ್ಲ ಕನ್ನಡಿಯಾಗಿತ್ತು. ಆಮೇಲೆ ಅದು ದಿನದ ಮಾತಾಯಿತು. ಗುಡಿಸಿ, ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಮಂಜಿನಲ್ಲಿ ಇವರು ತೇಲಿ ಬರುವುದನ್ನೂ ಮತ್ತೆ ಮಂಜಿನೊಳಕ್ಕೆ ಹೋಗುವುದನ್ನೂ ನೋಡುತ್ತಿದ್ದಳು.

ಒಂದು ದಿನ ಅಮೃತ ಬೋರ್ಡಿನ ಮೇಲೆ ನಿಂತಲ್ಲೇ ಬುಗುರಿಯ ಹಾಗೆ ತಿರುಗಿದಳು.

"ನನ್ನೂ ಒಂದ್ ಸುತ್ತು ತಿರುಗ್ಸು ಮಗ. ಬಗ್ಗಿ ಬಗ್ಗೀನೆ ಈ ಕಣವ ಸುತ್ತಿವ್ನಿ. ನೆಟ್ಟಗೆ ಒಂದ್ಸಲ ಸುತ್ತಬೇಕು."

"ನಾಳೆ ಅಜ್ಜಿ."

ಸೊಂಟ ಮುರಿದರೆ ಎಂಬ ಹೆದರಿಕೆ. ಹೊಂಬಾಳಮ್ಮ ಬಿಡುವವಳಲ್ಲ, ವಾರಕ್ಕೊಮ್ಮೆ ನೆನಪಿಸುತ್ತಿದ್ದಳು. ಹೀಗೇ ಒಂದು ವರ್ಷ ಕಳೆಯಿತು. ಸೋಮವಾರವೂ ಅಮೃತ ನಾಳೆ ಎಂದಿದ್ದಳು. ಮಂಗಳವಾರ ಕಣ ಗುಡಿಸಿರಲಿಲ್ಲ.

*

ತಮಟೆ ಮುಂದೆ, ಪುರಿ ಚೆಲ್ಲುವವರು ಹಿಂದೆ. ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ, ತಲೆ ಇದ್ದ ಕಡೆ ಕಾಲು ಬರುವಂತೆ ತಿರುಗಿಸಬೇಕು. ಹೋದವರಿಗೆ ಮನೆಯ ದಾರಿ ತಿಳಿಯಬಾರದಂತೆ. ಆ ಅರ್ಧ ದಾರಿ ಮಿಲ್ಲಿನ ಕಣಕ್ಕೇ ಬರುತ್ತದೆಂದು ಅಮೃತ ಬೆಳಿಗ್ಗೆಯೇ ವಿಚಾರಿಸಿಕೊಂಡಿದ್ದಳು.

ಇಳಿಸಲು ಬಗ್ಗಿದವರ ಎದುರು ಹೋಗಿ ನಿಂತಳು.

"ಶಿವರಾಜಣ್ಣ, ನೆಲಕ್ಕೆ ಇಳಿಸ್ಬೇಡಿ. ನಮ್ ಬೋರ್ಡ್ ಮೇಲೆ ಇಳ್ಸಿ."

"ಏನಂದೆ?" ಹೊನ್ನಯ್ಯ ನುಗ್ಗಿ ಬಂದ. "ಎಣಾನ ಆಟದ್ ಗಾಡಿ ಮ್ಯಾಲಾ? ಊರೋರು ಉಗೀತಾರೆ, ಆಚ್ಗೋಗು!"

"ಅಜ್ಜಿ ಒಂದ್ ಸುತ್ತು ಕೇಳಿದ್ರು. ನಾನೇ ನಾಳೆ ನಾಳೆ ಅಂದೆ. ನಂದೇ ತಪ್ಪು ಅಣ್ಣ." ಅಷ್ಟಕ್ಕೇ ಅಳು ಬಂತು.

ಅವ್ವನ ಭಾರ ಹೆಗಲ ಮೇಲೆ ಇದ್ದ ಹಾಗೇ ಶಿವರಾಜು ಅವಳ ಕಡೆ ತಿರುಗಿದ.

"ನಂಗೂ ಯೋಳಿತ್ತು ಅವ್ವ. 'ಆ ಕೂಸು ತಿರುಗ್ಸಾಕಿಲ್ಲ ಅಂತದೆ, ನೀನಾದ್ರೂ ಒಂದ್ ಮಾತು ಯೋಳ್ಲಾ' ಅಂತ. ಮೂಳೆ ಮುರ್ಕಂಡ್ರೆ ನೋಡ್ಕೊಳೋರ್ ಯಾರು ಅಂತ ಬೈದ್ಬುಟ್ಟಿದ್ದೆ." ಹೆಗಲ ಮೇಲಿನ ಬಿದಿರು ಸರಿಮಾಡಿಕೊಂಡ. "ಇನ್ನೇನ್ ಮುರಿಯಾದದೆ? ಇಡಮ್ಮಿ."

ಪುನೀತ್ ಒಂದು ಬೋರ್ಡನ್ನು ತಲೆಯ ಕಡೆ, ಇನ್ನೊಂದನ್ನು ಕಾಲಿನ ಕಡೆ ಅಡ್ಡಡ್ಡ ಇಟ್ಟ. ಬಿದಿರು ಅವುಗಳ ಮೇಲೆ ಮೆಲ್ಲಗೆ ಕೂತಿತು. ಯಾರೂ ಹೇಳದೆಯೇ ತಮಟೆ ನಿಂತಿತು.

ತಲೆಯ ಕಡೆ ಅಮೃತ ಒಂದು ದಿಕ್ಕಿಗೆ ನೂಕಿದಳು, ಕಾಲಿನ ಕಡೆ ಶಿವರಾಜು ಅದರ ಎದುರು ದಿಕ್ಕಿಗೆ. ಗಾಲಿಯಡಿ ಪುರಿ ಚಟಪಟ ಎಂದಿತು. ಚಟ್ಟ ಹಗುರಾಗಿ ತಿರುಗಿತು, ನೀರಿನ ಮೇಲಿದ್ದ ಹಾಗೆ.

"ಸಾಕು, ದಿಕ್ಕಾಯ್ತು," ಎಂದ ಹೊನ್ನಯ್ಯ.

ಶಿವರಾಜು ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಸಲ ನೂಕಿ ಕೈ ಬಿಟ್ಟ. ಅಮೃತಳೂ ಬಿಟ್ಟಳು. ಹೊಂಬಾಳಮ್ಮನ ಅರಿಸಿನ ಹಚ್ಚಿದ ಮುಖ ಮಿಲ್ಲಿನ ಚಿಮಣಿಯ ಕಡೆ ಹೋಯಿತು, ಬೇವಿನ ಮರದ ಕಡೆ, ಕಬ್ಬಿನ ಗದ್ದೆಯ ಕಡೆ. ಹಾರದಡಿಯಿಂದ ಸೆರಗು ಬಿಡಿಸಿಕೊಂಡು ಗಾಳಿಗೆ ಅಗಲವಾಗಿ ಬಿಚ್ಚಿಕೊಂಡಿತು, ಹೊನ್ನಯ್ಯನ ಮೊಣಕಾಲು ಸವರಿತು.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಎರಡೂ ಕೈ ಚಾಚಿ ಪಕ್ಕದವರನ್ನೂ ಹಿಂದಕ್ಕೆ ತಳ್ಳಿದ.

"ಜಾಗ ಬುಡ್ರಲಾ."